ಹಳೇ ಜೀಪು, ಗುಡ್ಡದ ದಾರಿ, ಒಂದಿಷ್ಟು ಲೆಕ್ಕ

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋಗಿಬಂದವರು ಆ ದಾರಿಯನ್ನು ಬೇಗ ಮರೆಯುವುದಿಲ್ಲ. ದಾರಿ ಎನ್ನುವುದು ಹೆಸರಿಗಷ್ಟೇ. ಕೆಮ್ಮಣ್ಣು, ಕೊರಕಲು, ಕಲ್ಲುಬಂಡೆಗಳ ಮೇಲೆ ಕುಲುಕುತ್ತ ಸಾಗುವ ಜೀಪಿನೊಳಗೆ ಪ್ರವಾಸಿಗರು ಸಿಕ್ಕ ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದರೆ, ಚಾಲಕ ಮಾತ್ರ ಗೇರಿನ ಪಕ್ಕದ ಇನ್ನೊಂದು ಪುಟ್ಟ ಲಿವರನ್ನು ಎಳೆದು, ಅವಸರವಿಲ್ಲದೆ ನಡಿಗೆಯ ವೇಗದಲ್ಲಿ ಏರಿಸುತ್ತಾನೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಜೀಪುಗಳ ಕಥೆಯೂ ಇದೇ. ಹತ್ತಿರ ಹೋಗಿ ನೋಡಿದರೆ ಈ ದುಡಿಯುವ ಜೀಪುಗಳಲ್ಲಿ ಶೋಕಿಯ ಸಾಮಾನು ಕಡಿಮೆ. ಟೈರಿನ ಹಲ್ಲು ಚೆನ್ನಾಗಿರುತ್ತದೆ, ಬ್ರೇಕು ಹಿಡಿಯುತ್ತದೆ, ಅಷ್ಟೇ!

ಪಟ್ಟಣದ ಗ್ಯಾರೇಜುಗಳಲ್ಲಿ ತಯಾರಾಗುವ ಜೀಪುಗಳ ರೂಪವೇ ಬೇರೆ. ಆಳೆತ್ತರದ ಟೈರು, ಮೇಲಕ್ಕೆತ್ತಿದ ಮೈ, ಮುಂದೆ ಕಬ್ಬಿಣದ ಗಾರ್ಡು, ತಲೆಯ ಮೇಲೆ ಕ್ಯಾರಿಯರು, ಅದರ ಮೇಲೆ ಸಾಲು ದೀಪ. ಮೊದಲ ಸಂಬಳ ಕೈಗೆ ಬಂದ ಹುಡುಗರಿಗೆ, ಕೆಲವೊಮ್ಮೆ ಇನ್ನೂ ಕಾಲೇಜಿನಲ್ಲಿರುವವರಿಗೂ, ಇಂಥದೊಂದು ಹಳೇ ಜೀಪು ಕೊಂಡು ಗುಡ್ಡಬೆಟ್ಟ ಸುತ್ತಿ, ಡೇರೆ ಹಾಕಿ ಮಲಗುವ ಆಸೆ. ಆಸೆ ತಪ್ಪಲ್ಲ. ಆದರೆ ದುಡ್ಡು ಕೊಡುವ ತಂದೆ ಕೇಳಬೇಕಾದದ್ದು ‘ಎಷ್ಟಾಗುತ್ತದೆ?’ ಎಂದಷ್ಟೇ ಅಲ್ಲ, ‘ಮೊದಲು ಯಾವುದಕ್ಕೆ ಖರ್ಚು ಮಾಡುತ್ತೀಯ?’ ಎಂದು. ಉತ್ತರ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ.

ಯುದ್ಧದಿಂದ ತೋಟಕ್ಕೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ಹುಟ್ಟಿದ್ದು ಜೀಪು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 1945ರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಕಂಪನಿ ಅವನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮಲೆನಾಡು, ಕೊಡಗಿನ ಕಾಫಿ ತೋಟಗಳಲ್ಲಿ ಗೊಬ್ಬರ, ಕೂಲಿಯಾಳು, ಕಾಯಿಲೆಯವರು ಎಲ್ಲರನ್ನೂ ಹೊತ್ತದ್ದು ಈ ವಂಶದ ವಾಹನವೇ. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಅದೂ ಸಾಮಾನ್ಯ ಗ್ರಾಹಕರಿಗೆ 2019ರ ಹೊತ್ತಿಗೆ ನಿಂತಿತು. ಹಾಗಾಗಿ ಹಳೇ ಮಹೀಂದ್ರ ಜೀಪಾಗಲಿ, ಜಿಪ್ಸಿಯಾಗಲಿ ಇಂದು ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ.

ಇವುಗಳ ಗುಟ್ಟು ಎಂಜಿನ್ನಿನ ಶಕ್ತಿಯಲ್ಲಿಲ್ಲ. ವಿಲ್ಲಿಸ್ ಎಂಜಿನ್ನಿನ ಶಕ್ತಿ ಸುಮಾರು 60 ಅಶ್ವಶಕ್ತಿ, ಮೊದಲ ಜಿಪ್ಸಿಯದು ಅದಕ್ಕೂ ಕಡಿಮೆ. ಹಾಗಿದ್ದರೂ ಗುಡ್ಡ ಹತ್ತುವುದು ಹೇಗೆ?

ಒಂದು ಲೆಕ್ಕ ಮಾಡೋಣ. ಜೀಪಿನ ತೂಕ 1200 ಕಿಲೋ, ಅದರಲ್ಲಿ ಅರ್ಧ ಹಿಂದಿನ ಚಕ್ರಗಳ ಮೇಲೆ ಎಂದುಕೊಳ್ಳಿ. ಒದ್ದೆ ಮಣ್ಣಿನಲ್ಲಿ ಘರ್ಷಣಾ ಗುಣಾಂಕ 0.3 ಇರಲಿ. ಹಿಂದಿನ ಚಕ್ರಗಳು ಮಾತ್ರ ತಿರುಗಿದರೆ ಸಿಗುವ ಹಿಡಿತ 600ರ 0.3 ಭಾಗ, ಅಂದರೆ 180 ಕಿಲೋ ತೂಕದಷ್ಟು ಬಲ. ನಾಲ್ಕೂ ಚಕ್ರ ತಿರುಗಿದರೆ 360. ಈಗ ಎದುರಿಗೆ 15 ಡಿಗ್ರಿ ಏರು. ಸೈನ್ 15 ಎಂದರೆ 0.26. ಜೀಪನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 310. ಏರಿನಲ್ಲಿ ಭಾರ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ನೆಲವನ್ನು ಒತ್ತುವ ತೂಕ ಸ್ವಲ್ಪ ಕಡಿಮೆಯಾಗುತ್ತದೆ. ಅದನ್ನೆಲ್ಲ ಹಿಡಿದರೂ ಫಲಿತಾಂಶ ಬದಲಾಗದು: ಎರಡು ಚಕ್ರದ ಗಾಡಿ ನಿಂತಲ್ಲೇ ಮಣ್ಣೆರಚುತ್ತದೆ, ನಾಲ್ಕು ಚಕ್ರದ್ದು ಏರುತ್ತದೆ. ಈ ಲೆಕ್ಕದಲ್ಲಿ ಎಂಜಿನ್ನಿನ ಅಶ್ವಶಕ್ತಿ ಎಲ್ಲಿಯೂ ಬರಲಿಲ್ಲ, ಗಮನಿಸಿ. ದೊಡ್ಡ ಎಂಜಿನ್ ಕೂರಿಸಿದರೆ ಅದೇ ಕೆಸರಿನಲ್ಲಿ ಚಕ್ರ ಇನ್ನಷ್ಟು ಜೋರಾಗಿ ಸುತ್ತುತ್ತದೆ, ಅಷ್ಟೇ.

ಇನ್ನು ಆ ಪುಟ್ಟ ಲಿವರಿನ ಕೆಲಸ. ವಿಲ್ಲಿಸ್ ಜೀಪಿನಲ್ಲಿ ಮೊದಲ ಗೇರಿನ ಅನುಪಾತ 2.67, ಆ ಲಿವರ್ ಹಾಕುವ ಲೋ ಗೇರಿನದು 1.97, ಅಚ್ಚಿನ ಹಲ್ಲುಗಳದು 4.88. ಮೂರನ್ನೂ ಗುಣಿಸಿದರೆ ಸುಮಾರು 26. ಎಂಜಿನ್ 26 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ವೇಗ ಇಳಿದಷ್ಟೂ ತಿರುಗಿಸುವ ಬಲ ಏರುತ್ತದೆ. ಇಳಿಜಾರಿನಲ್ಲಿ ಇದೇ ಗೇರು ಬ್ರೇಕಿನ ಕೆಲಸವನ್ನೂ ಮಾಡುತ್ತದೆ. ಆದರೆ ಒಣ ಡಾಂಬರು ರಸ್ತೆಯಲ್ಲಿ ಈ ಹಳೇ ಗಾಡಿಗಳಿಗೆ ಫೋರ್ ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಆ ಒತ್ತಡವೆಲ್ಲ ಹಲ್ಲುಗಳ ಮೇಲೆ ಬೀಳುತ್ತದೆ.

ನಾಲ್ಕೂ ಚಕ್ರ ತಿರುಗಿದರೂ ಜೀಪು ಹೂತುಹೋಗುವುದುಂಟು. ಕಾರಣ ಡಿಫರೆನ್ಷಿಯಲ್. ಅದು ಎಡಬಲದ ಚಕ್ರಗಳಿಗೆ ಸಮಾನ ಬಲ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದನ್ನು ತಿರುಗಿಸಲು ಬಲವೇ ಬೇಡ, ಆದ್ದರಿಂದ ನೆಲದ ಮೇಲಿರುವ ಜೊತೆ ಚಕ್ರಕ್ಕೂ ಬಲ ಸಿಗುವುದಿಲ್ಲ! ಮುಂದೆ ಒಂದು, ಹಿಂದೆ ಒಂದು ಚಕ್ರ ಮೂಲೆಮೂಲೆಯಲ್ಲಿ ಎದ್ದರೆ ಮುಗಿಯಿತು. ಗ್ಯಾರೇಜಿನವರು ಪ್ಲೇಟು ಎನ್ನುವ ಪಟ್ಟಿ ಸ್ಪ್ರಿಂಗುಗಳನ್ನು ‘ಗಟ್ಟಿಯಿರಲಿ’ ಎಂದು ಎರಡು ಹೆಚ್ಚಾಗಿ ಕಟ್ಟಿಸಿದರೆ ಆಗುವ ಅನಾಹುತ ಇದೇ. ಸ್ಪ್ರಿಂಗು ಬಾಗುವುದಿಲ್ಲ, ಚಕ್ರ ನೆಲ ಬಿಟ್ಟು ಏಳುತ್ತದೆ.

ಟೈರು ಮತ್ತು ಗಾಳಿ

ಮೊದಲ ಖರ್ಚು ಬ್ರೇಕು, ಸ್ಟೀರಿಂಗು, ಟೈರಿಗೆ ಇರಲಿ. ಇದರಲ್ಲಿ ಟೈರಿನ ವಿಷಯಕ್ಕೇ ಹೆಚ್ಚು ತಪ್ಪುಗಳಾಗುತ್ತವೆ. 28 ಅಂಗುಲ ವ್ಯಾಸದ ಟೈರು ತೆಗೆದು 31ರದನ್ನು ಹಾಕಿದರೆ ಅಚ್ಚು ನೆಲದಿಂದ ಮೂರು ಅಂಗುಲ ಮೇಲೇಳುತ್ತದೆಂದು ಹಲವರು ತಿಳಿದಿದ್ದಾರೆ. ಏಳುವುದು ವ್ಯಾಸದ ಹೆಚ್ಚಳದ ಅರ್ಧ, ಅಂದರೆ ಒಂದೂವರೆ ಅಂಗುಲ. ಕಳೆದುಕೊಳ್ಳುವುದೋ ಬಹಳ. ಚಕ್ರ ಶೇಕಡಾ 10ಕ್ಕಿಂತ ಹೆಚ್ಚು ದೊಡ್ಡದಾದ್ದರಿಂದ ನೆಲಕ್ಕೆ ಸಿಗುವ ಎಳೆತ ಸುಮಾರು ಅಷ್ಟೇ ಕಡಿಮೆ, ಬ್ರೇಕಿನ ಹಿಡಿತವೂ ಕಡಿಮೆ. ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ.

ಇದಕ್ಕಿಂತ ಅಗ್ಗದ, ಇದಕ್ಕಿಂತ ಹೆಚ್ಚು ಫಲ ಕೊಡುವ ಉಪಾಯವೊಂದಿದೆ: ಗಾಳಿ ಇಳಿಸುವುದು. ಒಂದು ಚಕ್ರದ ಮೇಲೆ 300 ಕಿಲೋ ಭಾರವಿದ್ದು, ಟೈರಿನಲ್ಲಿ 30 ಪೌಂಡು ಗಾಳಿಯಿದ್ದರೆ ಅದು ನೆಲಕ್ಕೆ ತಾಗುವ ಜಾಗ ಅಂದಾಜು 140 ಚದರ ಸೆಂಟಿಮೀಟರು. ಗಾಳಿಯನ್ನು 15 ಪೌಂಡಿಗೆ ಇಳಿಸಿದರೆ ಆ ಜಾಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮರಳಿನಲ್ಲಿ, ಸಡಿಲ ಮಣ್ಣಿನಲ್ಲಿ ಟೈರು ಹೂಳದೆ ಮೇಲೆಯೇ ಸಾಗುತ್ತದೆ, ಕಲ್ಲಿನ ಮೇಲೆ ಅಪ್ಪಿಕೊಂಡು ಹತ್ತುತ್ತದೆ. ಆದರೆ ಡಾಂಬರಿಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಿಸಲೇಬೇಕು. ಗಾಳಿ ಕಡಿಮೆಯಿರುವ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಾಗಿ, ಬಿಸಿಯಾಗಿ, ವೇಗದಲ್ಲಿ ಸಿಡಿಯಬಲ್ಲದು. ಆದ್ದರಿಂದ ಮುಂದಿನ ಗಾರ್ಡಿಗಿಂತ ಮೊದಲು ಕೊಳ್ಳಬೇಕಾದದ್ದು ಗಾಳಿ ಹೊಡೆಯುವ ಪಂಪು ಮತ್ತು ಗೇಜು. ಮಳೆಗಾಲದ ಕೆಸರಿಗೆ ಮಲೆನಾಡಿನವರು ಚಕ್ರಕ್ಕೆ ಸರಪಳಿ ಕಟ್ಟುತ್ತಾರೆ. ಅದು ಇಂದಿಗೂ ಒಳ್ಳೆಯ ಉಪಾಯವೇ.

ಮಗುಚುವುದು ಎಲ್ಲಿಂದ?

ಹೆತ್ತವರು ನಿಜಕ್ಕೂ ಭಯಪಡಬೇಕಾದದ್ದು ಹೂತುಹೋಗುವುದಕ್ಕಲ್ಲ, ಮಗುಚುವುದಕ್ಕೆ. ಓರೆ ನೆಲದಲ್ಲಿ ನಿಂತ ವಾಹನದ ಗುರುತ್ವ ಕೇಂದ್ರದಿಂದ ಇಳಿಸಿದ ಲಂಬ ರೇಖೆ ಚಕ್ರಗಳ ಆಚೆಗೆ ಬಿದ್ದರೆ ಅದು ಉರುಳುತ್ತದೆ. ಹಳೇ ಜೀಪಿನ ಎಡಬಲ ಚಕ್ರಗಳ ನಡುವೆ ಇರುವುದು ಸುಮಾರು 124 ಸೆಂಟಿಮೀಟರು, ಅರ್ಧ ಎಂದರೆ 62. ಗುರುತ್ವ ಕೇಂದ್ರ 65 ಸೆಂಟಿಮೀಟರು ಎತ್ತರದಲ್ಲಿದೆ ಎಂದುಕೊಂಡರೆ 62ನ್ನು 65ರಿಂದ ಭಾಗಿಸಿ ಟ್ಯಾನ್ ಕೋಷ್ಟಕ ನೋಡಿ: 43 ಡಿಗ್ರಿ ದಾಟುವವರೆಗೆ ಜೀಪು ನಿಲ್ಲಬೇಕು.

ಈಗ ಅದೇ ಜೀಪಿನ ತಲೆಯ ಮೇಲೆ, 180 ಸೆಂಟಿಮೀಟರು ಎತ್ತರದಲ್ಲಿ, ಕ್ಯಾರಿಯರು, ಡೇರೆ, ನೀರಿನ ಕ್ಯಾನು ಎಲ್ಲ ಸೇರಿ 100 ಕಿಲೋ ಇಡಿ. ಗುರುತ್ವ ಕೇಂದ್ರ 74ಕ್ಕೆ ಏರುತ್ತದೆ. ಮೈಯನ್ನು ಎರಡು ಅಂಗುಲ ಎತ್ತಿಸಿದ್ದರೆ 79. ಮಗುಚುವ ಕೋನ 38ಕ್ಕೆ ಇಳಿಯಿತು. ಐದಾರು ಡಿಗ್ರಿ ತಾನೇ ಎನ್ನಬೇಡಿ. ಇದು ಜೀಪು ಕಲ್ಲಿನಂತೆ ಅಲುಗದೆ ನಿಂತಾಗಿನ ಲೆಕ್ಕ. ಓಡುವಾಗ ಸ್ಪ್ರಿಂಗು ಒಂದು ಕಡೆ ಕುಸಿಯುತ್ತದೆ, ಕೆಳಗಿನ ಚಕ್ರ ಗುಂಡಿಗೆ ಇಳಿಯುತ್ತದೆ, ತಿರುವಿನ ಎಳೆತವೂ ಸೇರುತ್ತದೆ. ನಿಜವಾದ ಮಿತಿ ಇದಕ್ಕಿಂತ ಬಹಳ ಕೆಳಗಿದೆ. ಅದೇ 100 ಕಿಲೋವನ್ನು ಸೀಟಿನ ಹಿಂದೆ, ನೆಲದ ಮೇಲೆ ಕಟ್ಟಿದ್ದರೆ ಗುರುತ್ವ ಕೇಂದ್ರ ಹೆಚ್ಚೇನೂ ಏರುತ್ತಿರಲಿಲ್ಲ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ: ಎತ್ತಿನ ಗಾಡಿಗೆ ಹೇರುವವರಿಗೂ ಇದು ಗೊತ್ತು. ಮೇಲ್ಛಾವಣಿಯ ಡೇರೆ ನೋಡಲು ಚೆಂದ, ಆದರೆ ನೆಲದಲ್ಲಿ ಹೂಡುವ ಹತ್ತು ಕಿಲೋದೊಳಗಿನ ಡೇರೆಯೇ ಹಳೇ ಜೀಪಿಗೆ ಲೇಸು.

ತೆರೆದ ಜೀಪು ಮಗುಚಿದಾಗ ತಲೆ ಕಾಯುವುದು ಚಾಸಿಗೆ ಗಟ್ಟಿಯಾಗಿ ಕೂರಿಸಿದ ರೋಲ್ ಕೇಜು ಮತ್ತು ಸೀಟ್ ಬೆಲ್ಟು. ಬೆಲ್ಟಿಲ್ಲದಿದ್ದರೆ ಕೇಜಿನ ಕಂಬಿಯೇ ತಲೆಗೆ ಬಡಿಯುತ್ತದೆ.

ಆರ್.ಸಿ. ಪುಸ್ತಕ ಏನನ್ನುತ್ತದೆ?

ಮಾರ್ಪಾಡಿಗೆ ಕೈಹಾಕುವ ಮುನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಬೇಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮಕ್ಕೆ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಆದ್ದರಿಂದ ಎತ್ತರ, ಎಂಜಿನ್, ಟೈರಿನ ಅಳತೆ, ಕೇಜು ಯಾವುದೇ ಇರಲಿ, ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳುವುದು ಕ್ಷೇಮ. ಅಪಘಾತವಾದ ಮೇಲೆ ವಿಮೆಯವರು ತೆಗೆಯುವ ಮೊದಲ ತಕರಾರು ಇದೇ ಆಗಬಹುದು.

ಕೊಳ್ಳುವಾಗಲೂ ಅಷ್ಟೇ. ಹಳೇ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು ಸಾಕಷ್ಟು. ಅದು ಆರ್.ಸಿ.ಯಲ್ಲಿ ದಾಖಲಾಗಿದೆಯೇ? ಚಾಸಿ ನಂಬರು ತಾಳೆಯಾಗುತ್ತದೆಯೇ? ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದು ಆಗಿದೆಯೇ? ಬಣ್ಣ ಹೊಸದಿದ್ದಷ್ಟೂ ಅನುಮಾನ ಹೆಚ್ಚಿರಲಿ. ಜೀಪಿನ ಅಡಿಗೆ ತೂರಿ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಈ ಪರೀಕ್ಷೆ ಬಿಡಲೇಬಾರದು.

ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಳೆಯ ಪಾತ್ರದಲ್ಲಿ, ಹುಲ್ಲುಗಾವಲಿನಲ್ಲಿ ಜೀಪು ಕುಣಿಸುವುದು ಸಾಹಸವಲ್ಲ. ಮಲೆನಾಡಿನ ತೆಳುಮಣ್ಣಿನ ಇಳಿಜಾರಿನಲ್ಲಿ ಒಂದು ಚಕ್ರದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ.

ಹಗ್ಗ, ರಾತ್ರಿ, ನೀರು

ಹೂತ ಜೀಪನ್ನು ಎಳೆಯುವಾಗ ಆಗುವ ಅಪಘಾತ ಭೀಕರವಾದದ್ದು. ಬಿಗಿದ ಉಕ್ಕಿನ ಹಗ್ಗದಲ್ಲಿ ಎಳೆದ ರಬ್ಬರಿನಂತೆ ಶಕ್ತಿ ಕೂಡಿರುತ್ತದೆ. ತುಂಡಾದರೆ ಅದು ಚಾಟಿಯಂತೆ ಬೀಸಿ ಬರುತ್ತದೆ. ಕೊಕ್ಕೆಯನ್ನು ಚಾಸಿಗೇ ಬೋಲ್ಟು ಹಾಕಿ ಕೂರಿಸಿರಬೇಕು, ಬಂಪರಿಗೆ ಹಗ್ಗ ಕಟ್ಟಬಾರದು. ಹಗ್ಗದ ಮಧ್ಯೆ ಒದ್ದೆ ಗೋಣಿಚೀಲ ಹೊದಿಸಿ, ಎಲ್ಲರೂ ದೂರ ನಿಲ್ಲಬೇಕು. ವಿಂಚ್ ಕೊಳ್ಳುವುದಾದರೆ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದಿರಲಿ. ಗುದ್ದಲಿ, ಎರಡು ಹಲಗೆ, ಒಂದು ಒಳ್ಳೆಯ ಜಾಕ್ ಇದ್ದರೆ ಹಲವು ಬಾರಿ ಅದರ ಅಗತ್ಯವೇ ಬೀಳದು.

ರಾತ್ರಿಯ ದೀಪ, ಫ್ಯಾನಿಗೆ ಎರಡನೆಯ ಬ್ಯಾಟರಿ ಇದ್ದರೆ ಬೆಳಗ್ಗೆ ತಳ್ಳುವ ಕಷ್ಟ ತಪ್ಪುತ್ತದೆ. ಚಳಿಯೆಂದು ಎಂಜಿನ್ ಓಡಿಸಿಟ್ಟು ಗಾಜು ಏರಿಸಿ ಮಲಗುವುದು, ಡೇರೆಯೊಳಗೆ ಇದ್ದಿಲು ಒಲೆ ಇಡುವುದು ಜೀವಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಹೊಳೆ ದಾಟುವಾಗ ಗಾಳಿ ಎಳೆದುಕೊಳ್ಳುವ ಕೊಳವೆಗೆ ನೀರು ನುಗ್ಗಿದರೆ, ಒತ್ತಿದರೂ ಕುಗ್ಗದ ಆ ನೀರು ಕನೆಕ್ಟಿಂಗ್ ರಾಡನ್ನೇ ಬಾಗಿಸುತ್ತದೆ. ಇದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಅಚ್ಚಿನ ಕಥೆ. ಓಡಿ ಬಿಸಿಯಾದ ಅಚ್ಚಿನ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆ ಜಾಗಕ್ಕೆ ಸೀಲಿನ ಮೂಲಕ ನೀರು ಹೀರಲ್ಪಡುತ್ತದೆ. ಹೌಸಿಂಗಿನ ಮೇಲಿರುವ ಉಸಿರು ರಂಧ್ರಕ್ಕೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾನೆಟ್ಟಿನವರೆಗೆ ಎತ್ತಿ ಕಟ್ಟಿದರೆ ನೀರಿನ ಬದಲು ಗಾಳಿ ಒಳಸೇರುತ್ತದೆ. ಬಹಳ ಕಡಿಮೆ ಖರ್ಚಿನ, ಯಾರ ಕಣ್ಣಿಗೂ ಬೀಳದ ಮಾರ್ಪಾಡು ಇದು. ಆದರೂ ಹೊಳೆ ದಾಟಿ ಮನೆಗೆ ಬಂದ ಮೇಲೆ ಅಚ್ಚಿನ ಆಯಿಲ್ ಬೋಲ್ಟು ಬಿಚ್ಚಿ ಒಮ್ಮೆ ನೋಡಬೇಕು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಮತ್ತೆ ಗಾಡಿ ಹೊರಡಿಸುವ ಮೊದಲು ಅದನ್ನು ಬದಲಾಯಿಸಬೇಕು.