ಜನಜಂಗುಳಿ ಮತ್ತು ಆಟಿಸಂ: ಬೆಳೆದ ಮಕ್ಕಳ ಆತಂಕಕ್ಕೆ ನೆರವಾಗುವ ಬಗೆ

ಬಿ.ಸಿ.ರೋಡಿನಿಂದ ನೇತ್ರಾವತಿಯ ಸೇತುವೆ ದಾಟಿ ಬಂದರೆ ಮೆಲ್ಕಾರ್ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 75ರಿಂದ ಮುಡಿಪು, ಕೊಣಾಜೆ ಕಡೆಯ ರಸ್ತೆ ಕವಲೊಡೆಯುವುದು ಇಲ್ಲಿಯೇ. ಬಸ್ಸುಗಳ ಹಾರ್ನ್, ನಿರ್ವಾಹಕರ ಸೀಟಿ, ಹೋಟೆಲಿನ ಒಗ್ಗರಣೆಯ ಘಾಟು, ಮೈಗೆ ಮೈ ತಾಗುವ ನೂಕುನುಗ್ಗಲು ಇವುಗಳಲ್ಲಿ ಬೇಡವಾದುದನ್ನು ನಮ್ಮಲ್ಲಿ ಬಹುತೇಕರ ಮನಸ್ಸು ತಾನಾಗಿಯೇ ಬದಿಗೆ ಸರಿಸುತ್ತದೆ. ಆಟಿಸಂ, ಅಂದರೆ ಸ್ವಲೀನತೆ ಇರುವ ಅನೇಕರಿಗೆ ಇದು ಸುಲಭವಲ್ಲ. ಎಲ್ಲವೂ ಒಮ್ಮೆಗೇ ಬಂದು ಎರಗುತ್ತವೆ. ಬಸ್ಸು ತಡವಾದರೆ, ಎಂದಿನ ಕ್ರಮ ತಪ್ಪಿದರೆ ಆತಂಕ ಇಮ್ಮಡಿಯಾಗುತ್ತದೆ.

ಇಪ್ಪತ್ತು ದಾಟಿದ ಮಗನೋ ಮಗಳೋ ನಿಲ್ದಾಣದಲ್ಲಿ ಕಿವಿ ಮುಚ್ಚಿ ಕುಳಿತರೆ, ಕೂಗಿಕೊಂಡರೆ, ಅದು ಹಟವಲ್ಲ. ಹೆತ್ತವರು ಕಲಿಸಿದ ಸಂಸ್ಕಾರದ ಕೊರತೆಯೂ ಅಲ್ಲ. ಸಹನೆಯ ಮಿತಿ ಮೀರಿದುದರ ಸೂಚನೆ. ಚಿಕ್ಕ ಮಗುವಾದರೆ ಜನ ಮರುಗುತ್ತಾರೆ. ಬೆಳೆದವನಾದರೆ ಕುಡಿದಿರಬೇಕೆಂದು ಶಂಕಿಸುತ್ತಾರೆ. ಈ ಸಂಕೋಚದಿಂದಲೇ ಎಷ್ಟೋ ಮನೆಗಳಲ್ಲಿ ಅವರನ್ನು ಹೊರಗೆ ಕರೆದೊಯ್ಯುವುದೇ ನಿಂತುಹೋಗುತ್ತದೆ. ಆದರೆ ಹೊರಗೆ ಹೋಗದೆ ಉಳಿದಷ್ಟೂ ಆತಂಕ ಬಲಿಯುತ್ತದೆ. ಬಲವಂತದಿಂದ ನೂಕಿದರೂ ಬಲಿಯುತ್ತದೆ. ಇವೆರಡರ ನಡುವೆ ಇರುವುದು ಸಿದ್ಧತೆಯ ದಾರಿ.

ಮೊದಲು ಅವರನ್ನೇ ಕೇಳಬೇಕು. ಮಾತು ಕಡಿಮೆಯಿದ್ದರೆ ಚಿತ್ರಗಳ ಮೂಲಕ ತಿಳಿಯಬಹುದು: ಕಾಡುವುದು ಸದ್ದೋ, ಸ್ಪರ್ಶವೋ, ವಾಸನೆಯೋ, ಕಾಯುವಿಕೆಯೋ? ಸದ್ದಾದರೆ ಕಿವಿಗೆ ಹೆಡ್‌ಫೋನ್. ಸ್ಪರ್ಶವಾದರೆ ಕಿಟಕಿ ಬದಿಯ ಆಸನ, ಪಕ್ಕದಲ್ಲಿ ಮನೆಯವರು. ಕಾಯುವಿಕೆಯಾದರೆ ಮುಂದೇನೆಂದು ಕ್ರಮವಾಗಿ ತೋರಿಸುವ ಚಿತ್ರಪಟ್ಟಿ. ಬಸ್ಸು ಬಾರದಿದ್ದರೆ ಏನು ಮಾಡುವುದೆಂಬುದೂ ಆ ಪಟ್ಟಿಯಲ್ಲಿರಲಿ.

ಅನಂತರ ಸಣ್ಣ ಹೆಜ್ಜೆಗಳು. ಮೊದಲ ಕೆಲವು ದಿನ ಜನಸಂಚಾರ ಕಡಿಮೆಯಿರುವ ವೇಳೆ ಮೆಲ್ಕಾರಿನಲ್ಲಿ ಐದು ನಿಮಿಷ ನಿಂತು ಮರಳಿದರೆ ಸಾಕು. ಅದು ರೂಢಿಯಾದ ಮೇಲೆ ಬಸ್ಸು ಹತ್ತಿ ಪಾಣೆಮಂಗಳೂರಿನಲ್ಲಿ ಇಳಿಯುವುದು, ಮುಂದೆ ಬಿ.ಸಿ.ರೋಡ್. ‘ಸಾಕು’ ಎಂದು ತಿಳಿಸಲು ಒಂದು ಚೀಟಿ ಅಥವಾ ಕೈಸನ್ನೆ ಗೊತ್ತುಮಾಡಿಕೊಂಡಿರಬೇಕು. ಅದನ್ನು ತೋರಿಸಿದೊಡನೆ ಹೊರಟುಬಿಡಬೇಕು. ಹೊರಬರಲು ದಾರಿಯಿದೆ ಎಂಬ ನಂಬಿಕೆಯೇ ಮರುದಿನ ಹೊರಡುವ ಧೈರ್ಯ.

ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಅತ್ತಿತ್ತ ಓಡಾಡುವುದು ಆತಂಕ ಏರುತ್ತಿರುವ ಲಕ್ಷಣವಾಗಿರಬಹುದು. ಕೈ ಆಡಿಸುವುದು, ತೂಗಾಡುವುದು ಅನೇಕರಿಗೆ ತಮ್ಮನ್ನು ತಾವೇ ಸಂತೈಸಿಕೊಳ್ಳುವ ಬಗೆ; ತಡೆಯಬಾರದು. ಆತಂಕ ಮಿತಿಮೀರಿದಾಗ ಬುದ್ಧಿವಾದ ನಾಟುವುದಿಲ್ಲ. ಮಾತು ಕಡಿಮೆ ಮಾಡಿ, ರಸ್ತೆಯಿಂದ ದೂರದ ಶಾಂತ ಜಾಗಕ್ಕೆ ಕರೆದೊಯ್ದು, ಜನರನ್ನು ದೂರ ಸರಿಸಿ ಕಾಯಬೇಕು. ವಾಹನದ ಅಪಾಯವಿಲ್ಲದಿದ್ದರೆ ಹಿಡಿದೆಳೆಯಬಾರದು. ಮನೆಗೆ ಬಂದ ಮೇಲೆ ಗದರಿಸುವುದೂ ಸಲ್ಲದು.

ಇಂತಹ ವರ್ತನೆ ಇದ್ದಕ್ಕಿದ್ದಂತೆ ಹೆಚ್ಚಿದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ರಾಹೀನತೆಗಳಿವೆಯೇ ಎಂದು ವೈದ್ಯರಿಂದ ಪರೀಕ್ಷಿಸಬೇಕು. ನೋವನ್ನು ಹೇಳಿಕೊಳ್ಳಲಾಗದವರು ಅದನ್ನು ಹೀಗೆಯೇ ತೋರಿಸುವುದುಂಟು. ವೈದ್ಯರ ಸಲಹೆಯಿಲ್ಲದೆ ನಿದ್ರೆಯ ಮಾತ್ರೆ ಕೊಡಬಾರದು. ಮಾನಸಿಕ ಆರೋಗ್ಯದ ಉಚಿತ ದೂರವಾಣಿ ಸೇವೆಯಾದ ಟೆಲಿ ಮಾನಸ್ 14416ಕ್ಕೆ ಹಗಲಿರುಳು ಕರೆ ಮಾಡಬಹುದು. ಹೆತ್ತವರೂ ತಮ್ಮ ಬಳಲಿಕೆಯನ್ನು ಅಲ್ಲಿ ಹೇಳಿಕೊಳ್ಳಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಸಹ ಒಂದು. ಯುಡಿಐಡಿ ಗುರುತುಚೀಟಿಯೂ ಮನೆಯ ದೂರವಾಣಿ ಸಂಖ್ಯೆಯೂ ಜೇಬಿನಲ್ಲಿದ್ದರೆ ನಿರ್ವಾಹಕರಿಗೆ, ಪೊಲೀಸರಿಗೆ ವಿವರಿಸುವುದು ಸುಲಭ.

ಉಳಿದುದು ನಮ್ಮೆಲ್ಲರ ಪಾಲಿನ ಕೆಲಸ. ಬಸ್ಸಿನಲ್ಲಾಗಲಿ, ಜಾತ್ರೆಯಲ್ಲಾಗಲಿ, ದಾಸೋಹದ ಸಾಲಿನಲ್ಲಾಗಲಿ ಅಂತಹವರನ್ನು ಕಂಡಾಗ ದಿಟ್ಟಿಸಿ ನೋಡದಿರೋಣ, ಮೊಬೈಲಿನಲ್ಲಿ ಚಿತ್ರೀಕರಿಸದಿರೋಣ. ತಾಯಿಯನ್ನು ‘ಇವನಿಗೇನಾಗಿದೆ?’ ಎಂದು ಕೇಳುವ ಬದಲು, ಆ ಯುವಕನಿಗೇ ‘ಇಲ್ಲಿ ಕುಳಿತುಕೊಳ್ಳುತ್ತೀರಾ?’ ಎಂದು ಮೆಲುದನಿಯಲ್ಲಿ ಕೇಳಿ ಜಾಗ ಬಿಟ್ಟುಕೊಡೋಣ.