ಮನಸ್ಸಿನ ವೈದ್ಯನೂ ಸಾಮಾಜಿಕ ಜಾಲತಾಣವೂ

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ನಾನು ಬಾಲ್ಯದಿಂದ ಕೇಳುತ್ತ ಬಂದಿದ್ದೆನಾದರೂ ಅದರ ಪೂರ್ಣಾರ್ಥ ನನಗೆ ಮನವರಿಕೆಯಾದುದು ಇತ್ತೀಚೆಗೆ. ನನಗೆ ಪರಿಚಿತಳಾದ ಒಬ್ಬ ತರುಣಿ ಕೆಲವು ತಿಂಗಳು ನಿದ್ರೆಯಿಲ್ಲದೆ, ಊಟ ಸೇರದೆ, ಯಾರೊಡನೆಯೂ ಮಾತಾಡದೆ ಕೊರಗುತ್ತಿದ್ದಳು. ಮನೆಯವರು ದೇವರು ದಿಂಡರೆಂದು ಅಲೆದು, ಕೊನೆಗೆ ಪಟ್ಟಣದ ಆಪ್ತಸಮಾಲೋಚಕರೊಬ್ಬರ ಬಳಿಗೆ ಅವಳನ್ನು ಕರೆದೊಯ್ದರು. ನಾಲ್ಕಾರು ಭೇಟಿಗಳಲ್ಲಿ ಅವಳ ಮುಖದಲ್ಲಿ ಕಳೆ ಮರಳಿತು. ಅಷ್ಟರಲ್ಲಿ ಆ ಮಹನೀಯರು ತಮ್ಮ ಫೇಸ್‌ಬುಕ್ ಪುಟದಲ್ಲಿ, ತಮ್ಮ ಬಳಿಗೆ ಬಂದ ಒಬ್ಬ ಹುಡುಗಿಯ ವೃತ್ತಾಂತವನ್ನು ಬರೆದರು. ಹೆಸರೇನೋ ಇರಲಿಲ್ಲ. ಆದರೆ ಅವಳ ವಯಸ್ಸು, ತಂದೆಯ ಕಸುಬು, ಮನೆಯಲ್ಲಿ ನಡೆದ ಒಂದು ಪ್ರಸಂಗ, ಇವು ಮೂರೂ ಇದ್ದುವು. ಸಂಜೆಯೊಳಗಾಗಿ ಆ ಬರಹ ವಾಟ್ಸಾಪಿನ ಮೂಲಕ ಅವಳ ಊರನ್ನೇ ತಲಪಿತು. ಅವಳು ಮತ್ತೆ ಆ ಮೆಟ್ಟಿಲನ್ನು ಹತ್ತಲಿಲ್ಲ. ಬೇರೆಯವರ ಬಳಿಗೆ ಹೋಗೋಣವೆಂದರೂ ಒಪ್ಪಲಿಲ್ಲ.

ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತ, ಮುಂದೆ ಅದೇ ವೃತ್ತಿಯನ್ನು ಹಿಡಿಯಬೇಕೆಂದಿರುವ ನನ್ನನ್ನು ಈ ಘಟನೆ ಬಹಳವಾಗಿ ಕಲಕಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು ಸಾಮಾಜಿಕ ಜಾಲತಾಣಗಳಿಂದ ದೂರವಿರುವುದೇ ಲೇಸಲ್ಲವೇ ಎಂಬ ಪ್ರಶ್ನೆ ಮೊದಲು ಹುಟ್ಟಿತು. ಆಲೋಚಿಸಿದಂತೆಲ್ಲ ಅದು ಸರಿಯಾದ ಉತ್ತರವಲ್ಲವೆಂದು ತೋರಿತು.

ಏಕೆಂದರೆ ಜನರಿಗೆ ತಿಳಿವಳಿಕೆಯ ಅವಶ್ಯಕತೆ ಅಷ್ಟಿಷ್ಟಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ಅಂಥವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಹೀಗಿರುವಾಗ ಬಲ್ಲವರು ಬಾಯಿಮುಚ್ಚಿ ಕುಳಿತರೆ ಆ ಜಾಗದಲ್ಲಿ ಅರೆಬಲ್ಲವರು ಮಾತಾಡುತ್ತಾರೆ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯನ್ನು ಕುರಿತು ಟಿಕ್‌ಟಾಕ್‌ನಲ್ಲಿ ಅತ್ಯಂತ ಜನಪ್ರಿಯವಾಗಿದ್ದ 100 ವಿಡಿಯೋಗಳನ್ನು ಕೆನಡಾದ ಸಂಶೋಧಕರು ಪರಿಶೀಲಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 52 ದಾರಿ ತಪ್ಪಿಸುವಂಥವಾಗಿದ್ದುವು.

ವೈದ್ಯನಾದವನು ಜನರೊಡನೆ ನೇರವಾಗಿ ಮಾತಾಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. 'ಕೊರವಂಜಿ'ಯಿಂದ ಕನ್ನಡಿಗರನ್ನು ನಗಿಸಿದ 'ರಾಶಿ', ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ವಿಚಾರವಾಗಿ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸರಳವಾದ ಪುಸ್ತಕಗಳು ಎಷ್ಟೋ ಮನೆಗಳನ್ನು ತಲಪಿವೆ. ಆದುದರಿಂದ ಸಾಧನ ಹೊಸದು, ಕೆಲಸ ಹಳೆಯದು. ಪುಸ್ತಕ ಅಚ್ಚಾಗುವ ಮುನ್ನ ನಾಲ್ಕು ಬಾರಿ ತಿದ್ದಲು ಕಾಲವಿರುತ್ತಿತ್ತು. ಈಗ ಬೆರಳು ತಾಗಿದರೆ ಸಾಕು, ಮಾತು ಕೈಬಿಟ್ಟು ಹೋಗುತ್ತದೆ. ಭೇದವಿರುವುದು ಅಲ್ಲಿ.

ಇನ್ನು ಪಾಲಿಸತಕ್ಕ ನಿಯಮಗಳನ್ನು ನೋಡೋಣ. ಎಲ್ಲಕ್ಕಿಂತ ಮೊದಲನೆಯದು ಗೋಪ್ಯ. ಇದು ಬರಿಯ ಸೌಜನ್ಯವಲ್ಲ, ಕಾನೂನು. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 23ನೆಯ ಕಲಮು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಡುತ್ತದೆ. ಪ್ರಾಣಾಪಾಯವನ್ನು ತಡೆಯುವುದು, ನ್ಯಾಯಾಲಯದ ಆಜ್ಞೆ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. 24ನೆಯ ಕಲಮಿನ ಪ್ರಕಾರ, ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆಯುತ್ತಿರುವವನ ಭಾವಚಿತ್ರವನ್ನಾಗಲಿ ಇತರ ವಿವರವನ್ನಾಗಲಿ ಅವನ ಸಮ್ಮತಿಯಿಲ್ಲದೆ ಮಾಧ್ಯಮಗಳಿಗೆ ಕೊಡಕೂಡದು. ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಗೋಪ್ಯತೆ ಅನ್ವಯಿಸುತ್ತದೆ.

ಹೆಸರು ಬಿಟ್ಟರೆ ಗೋಪ್ಯ ಉಳಿಯಿತೆಂದು ಭಾವಿಸುವುದು ದೊಡ್ಡ ಭ್ರಾಂತಿ. ಬೆಂಗಳೂರಿನಂಥ ನಗರದಲ್ಲಿ "ಒಬ್ಬ ಶಿಕ್ಷಕನ ಮಗಳು" ಎಂದರೆ ಸಾವಿರಾರು ಮಂದಿ. ಒಂದು ಹೋಬಳಿಯಲ್ಲಿ ಹೇಳಿದರೆ ನಾಲ್ಕೈದೇ ಮಂದಿ. ಅದಕ್ಕೆ ಇನ್ನೊಂದು ವಿವರ ಸೇರಿದರೆ ಒಬ್ಬಳೇ. ಪರರು ಗುರುತಿಸದಿದ್ದರೂ ರೋಗಿ ತನ್ನನ್ನು ತಾನು ಗುರುತಿಸಿಕೊಳ್ಳುತ್ತಾಳೆ. ತಾನು ಅತ್ತುಕೊಂಡು ಹೇಳಿದ ಮಾತು ನಾಳೆಯ ಬರಹಕ್ಕೆ ಸಾಮಗ್ರಿಯಾಗುವುದೆಂದು ತಿಳಿದ ಮೇಲೆ ಅವಳು ಬಾಯಿಬಿಡುವುದಾದರೂ ಹೇಗೆ? ಒಪ್ಪಿಗೆ ಕೇಳಿದರಾಯಿತಲ್ಲ ಎನ್ನಬಹುದು. ಆದರೆ ತನ್ನ ನೋವನ್ನು ನೋಡಿಕೊಳ್ಳುತ್ತಿರುವವರು ಕೇಳಿದಾಗ "ಬೇಡ" ಎನ್ನುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಈ ಕಾರಣದಿಂದಲೇ, ಚಿಕಿತ್ಸೆಯಲ್ಲಿರುವವರಿಂದ ಪ್ರಶಂಸಾಪತ್ರಗಳನ್ನು ಕೇಳಬಾರದೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ನೀತಿಸಂಹಿತೆ ವಿಧಿಸಿದೆ. ನನ್ನ ಅಭಿಪ್ರಾಯದಲ್ಲಿ ಸುರಕ್ಷಿತವಾದ ಮಾರ್ಗವೆಂದರೆ ರೋಗಿಯ ಕಥೆಯನ್ನು ಬಿಟ್ಟು ರೋಗದ ಕಥೆಯನ್ನು ಹೇಳುವುದು.

ಎರಡನೆಯದು ಎಲ್ಲೆ. ಚಿಕಿತ್ಸಕನಿಗೂ ರೋಗಿಗೂ ಇರುವ ಸಂಬಂಧ ಸ್ನೇಹದಂತೆ ಕಂಡರೂ ಸ್ನೇಹವಲ್ಲ. ರೋಗಿಯಿಂದ ಫೇಸ್‌ಬುಕ್ ಗೆಳೆತನದ ಕೋರಿಕೆ ಬಂದಾಗ ಸ್ವೀಕರಿಸಿದರೆ ಎಲ್ಲೆ ಅಳಿಸಿತು. ಸುಮ್ಮನೆ ತಳ್ಳಿಹಾಕಿದರೆ ನೊಂದ ಮನಸ್ಸು ಮತ್ತೆ ನೊಂದೀತು. ಆದುದರಿಂದ ಮೊದಲ ಭೇಟಿಯಲ್ಲೇ ತನ್ನ ನಿಯಮವನ್ನು ತಿಳಿಸಿಬಿಡುವುದು ಮೇಲು. ಅಮೆರಿಕದ ಮನಶ್ಶಾಸ್ತ್ರಜ್ಞೆ ಕೀಲಿ ಕೋಲ್ಮ್ಸ್ 2010ರಲ್ಲಿ ಇಂಥ ನಿಯಮಾವಳಿಯನ್ನು ಬರೆದು ಬಹಿರಂಗವಾಗಿ ಪ್ರಕಟಿಸಿದರು. ಅದನ್ನು ನೋಡಿ ಇತರರೂ ಬರೆದುಕೊಂಡರು. ಸ್ವಂತಕ್ಕೊಂದು, ವೃತ್ತಿಗೊಂದು ಖಾತೆಯಿರಬೇಕು. ದೂರವಾಣಿಯ ಸಂಖ್ಯೆಯೂ ಬೇರೆಯಿದ್ದರೆ ಒಳ್ಳೆಯದು. ಈ ತಾಣಗಳು ಮೊಬೈಲಿನಲ್ಲಿರುವ ಸಂಖ್ಯೆಗಳನ್ನು ಓದಿಕೊಂಡು "ಇವರನ್ನು ನೀವು ಬಲ್ಲಿರಾ?" ಎಂದು ಒಬ್ಬರಿಗೊಬ್ಬರನ್ನು ತೋರಿಸುವುದುಂಟು. ಯಾರಾದರೂ ಪುಟದಲ್ಲಿ ಹೊಗಳಿದರೂ ತೆಗಳಿದರೂ "ನೀವು ಬಂದಿದ್ದಾಗ" ಎಂದು ಉತ್ತರಿಸುವುದು ಸಲ್ಲದು. ಅವರು ತನ್ನ ಬಳಿಗೆ ಬಂದಿದ್ದರೆಂಬುದೇ ಒಂದು ಗುಟ್ಟಲ್ಲವೇ?

ಮೂರನೆಯದು ಸತ್ಯ ಮತ್ತು ಮಿತಿ. ಒಂದು ನಿಮಿಷದ ರೀಲಿನಲ್ಲಿ "ಈ ಐದು ಲಕ್ಷಣಗಳಿದ್ದರೆ ನಿಮಗೆ ಖಿನ್ನತೆ" ಎಂದು ತೀರ್ಪು ಕೊಡುವುದು, ಕಂಡರಿಯದ ಚಿತ್ರನಟನಿಗೋ ರಾಜಕಾರಣಿಗೋ ಕಾಯಿಲೆಯ ಹೆಸರು ಕಟ್ಟುವುದು ವೃತ್ತಿಗೆ ತಕ್ಕುದಲ್ಲ. ತಾನು ಯಾರು, ಏನು ಓದಿದ್ದೇನೆ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಮನೋವೈದ್ಯನು ವೈದ್ಯಶಾಸ್ತ್ರ ಓದಿದವನು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತನಾಗಿರಬೇಕಾದವನು. ಈ ವ್ಯತ್ಯಾಸ ಜನಸಾಮಾನ್ಯರಿಗೆ ತಿಳಿಯದು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟಿನಲ್ಲಿ ಹೊರಡಿಸಿದ ನಿಯಮಗಳಲ್ಲಿ, ವೈದ್ಯರು ಹಣ ಕೊಟ್ಟು 'ಲೈಕು'ಗಳನ್ನೂ ಹಿಂಬಾಲಕರನ್ನೂ ಕೊಳ್ಳಬಾರದು, ಬಹಿರಂಗ ತಾಣದಲ್ಲಿ ರೋಗಿಯ ಚಿಕಿತ್ಸೆಯನ್ನು ಚರ್ಚಿಸಬಾರದು ಎಂಬ ಮಾತುಗಳಿದ್ದುವು. ಆ ತಿಂಗಳಲ್ಲೇ ನಿಯಮಗಳನ್ನು ತಡೆಹಿಡಿಯಲಾಯಿತಾದರೂ ಆ ಮಾತುಗಳ ವಿವೇಕವನ್ನು ಯಾರೂ ಅಲ್ಲಗಳೆಯಲಾರರು.

ನಾಲ್ಕನೆಯದು ಆತ್ಮಹತ್ಯೆಯ ವಿಚಾರ. ಇಲ್ಲಿ ಒಂದೊಂದು ಪದವನ್ನೂ ತೂಗಿ ಆಡಬೇಕು. ವಿವರಗಳನ್ನು ರಂಜಿಸಿ ವರ್ಣಿಸಿದರೆ ಅನುಕರಣೆಗೆ ಪ್ರೇರಣೆಯಾಗಬಹುದೆಂದು ಸಂಶೋಧನೆಗಳು ತಿಳಿಸಿವೆ. ಗಯಟೆಯ 1774ರ ಕಾದಂಬರಿಯ ನಾಯಕನ ಹೆಸರಿನಿಂದ ಇದನ್ನು 'ವರ್ಥರ್ ಪರಿಣಾಮ' ಎಂದು 1974ರಲ್ಲಿ ಡೇವಿಡ್ ಫಿಲಿಪ್ಸ್ ಕರೆದರು. ಇದಕ್ಕೆ ಪ್ರತಿಯಾಗಿ, ಕಷ್ಟವನ್ನು ದಾಟಿ ಬದುಕಿದವರ ವೃತ್ತಾಂತ ರಕ್ಷಕವಾಗಬಲ್ಲದು. ಮೊಜಾರ್ಟನ ಗೀತನಾಟಕದ ಪಾತ್ರವೊಂದರ ಹೆಸರಿನಿಂದ ಇದಕ್ಕೆ 2010ರಲ್ಲಿ 'ಪಪಗೆನೊ ಪರಿಣಾಮ' ಎಂಬ ಹೆಸರು ಬಂದಿತು. ಇಂಥ ಬರಹದ ಕೊನೆಯಲ್ಲಿ ಸಹಾಯ ದೊರೆಯುವ ಸ್ಥಳವನ್ನು ಹೇಳಲೇಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಲು ಹಣ ತೆರಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು.

ಇಷ್ಟು ನಿಷೇಧಗಳನ್ನು ಹೇಳಿದ ಮೇಲೆ, ಪರಿಣಾಮಕಾರಿಯಾಗುವ ಬಗೆಯನ್ನೂ ಹೇಳಬೇಕಷ್ಟೆ. ನಮ್ಮ ಜನ "ನನಗೆ ಆತಂಕದ ಕಾಯಿಲೆ" ಎನ್ನುವುದಿಲ್ಲ. "ಎದೆ ಹೊಡ್ಕೊಳ್ತದೆ, ಕೈಕಾಲು ಸೋತು ಬರ್ತದೆ, ಯಾಕೋ ಯಾವುದೂ ಬೇಡ ಅನ್ನಿಸ್ತದೆ" ಎನ್ನುತ್ತಾರೆ. ಬರೆಯುವವನು ಅಲ್ಲಿಂದ ಆರಂಭಿಸಬೇಕು. ಒಂದು ಬರಹಕ್ಕೆ ಒಂದೇ ವಿಷಯ ಸಾಕು. ಭಯ ಹುಟ್ಟಿಸಿ ನಿಲ್ಲಿಸದೆ, ಮುಂದೇನು ಮಾಡಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು ಎಂಬುದನ್ನು ತಿಳಿಸಬೇಕು. "ಇದು ತುರ್ತು ಚಿಕಿತ್ಸೆಯ ಸ್ಥಳವಲ್ಲ" ಎಂದು ಪುಟದ ತಲೆಯಲ್ಲೇ ಬರೆದಿರಬೇಕು. ತಪ್ಪಾದರೆ ಸದ್ದಿಲ್ಲದೆ ಅಳಿಸದೆ, ತಪ್ಪಾಯಿತೆಂದು ಬರೆದು ತಿದ್ದಬೇಕು.

ಕೊನೆಗೆ ಒಂದು ಮಾತು. ಈ ಲೇಖನದ ಆರಂಭದಲ್ಲಿ ನಾನೂ ಒಬ್ಬಳ ಕಥೆಯನ್ನೇ ಹೇಳಿದೆನಲ್ಲ ಎಂದು ವಾಚಕರು ಕೇಳಬಹುದು, ಕೇಳಲೇಬೇಕು. ಮೊದಲು ಬರೆದುದನ್ನು ಅವಳಿಗೆ ಓದಿಸಿದೆ. ಅವಳು ಪೆನ್ಸಿಲ್ ತೆಗೆದುಕೊಂಡು ಎರಡು ವಾಕ್ಯಗಳನ್ನು ಹೊಡೆದುಹಾಕಿದಳು. ನನಗೆ ಅವು ತೀರ ನಿರಪಾಯಕರವೆಂದು ತೋರಿದ್ದುವು. "ನಿಮಗೆ ಹಾಗೆ ಕಾಣುತ್ತದೆ" ಎಂದಷ್ಟೇ ಅಂದಳು. ಅವೆರಡೂ ಇಲ್ಲಿಲ್ಲ. ಯಾವುದು ಗುಟ್ಟು ಎಂಬುದನ್ನು ನಿರ್ಧರಿಸತಕ್ಕವನು ಕೇಳಿದವನಲ್ಲ, ಹೇಳಿದವಳು ಎಂಬ ಪಾಠವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಆ ಪೆನ್ಸಿಲ್ ಗೆರೆಗಳು ನನಗೆ ಕಲಿಸಿದುವು.