ಮುಗಿಲೆತ್ತರದ ಸರೋವರ, ಏದುಸಿರಿನ ಯಂತ್ರ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯ ನಡುವೆ, ಪೆರು ಮತ್ತು ಬೊಲಿವಿಯ ದೇಶಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ 3,800 ಮೀಟರಿಗೂ ಮೇಲೆ ಟಿಟಿಕಾಕ ಎಂಬ ಸರೋವರವಿದೆ. ಸರೋವರವೆಂದ ಮಾತ್ರಕ್ಕೆ ಸಣ್ಣದೆಂದು ತಿಳಿಯಬಾರದು. ಅದರ ವಿಸ್ತೀರ್ಣ 8,000 ಚದರ ಕಿಲೋಮೀಟರಿಗೂ ಅಧಿಕ. ಗಾಳಿ ಎದ್ದಿತೆಂದರೆ ಅಲೆಗಳು ಕಡಲಿನ ಅಲೆಗಳನ್ನೇ ನೆನಪಿಗೆ ತರುತ್ತವೆ. ನೀರಂತೂ ವರ್ಷವಿಡೀ ಮೈ ಕೊರೆಯುವಷ್ಟು ತಣ್ಣಗೆ. ಇಂಥ ಕಡೆ ದೋಣಿಯ ಯಂತ್ರ ನಡುನೀರಿನಲ್ಲಿ ನಿಂತುಹೋದರೆ ಅದು ನಗೆಯಾಡುವ ಸಂಗತಿಯಲ್ಲ.

ಹಾಗೆ ನಿಂತುಹೋಗುವುದಕ್ಕೆ ಯಂತ್ರ ಕೆಟ್ಟಿರಲೇಬೇಕೆಂದಿಲ್ಲ. ಪೆಸಿಫಿಕ್ ತೀರದಲ್ಲಿ ಕುದುರೆಯಂತೆ ನೆಗೆಯುತ್ತಿದ್ದ 15 ಅಶ್ವಶಕ್ತಿಯ ಔಟ್‌ಬೋರ್ಡ್ ಯಂತ್ರವನ್ನು ಬೆಟ್ಟವೇರಿಸಿ ತಂದು, ಏನೊಂದೂ ಬದಲಾಯಿಸದೆ ಇಲ್ಲಿನ ದೋಣಿಯ ಹಿಂಬದಿಗೆ ಬಿಗಿದರೆ, ಅದು ಕೆಮ್ಮುತ್ತದೆ, ಕಪ್ಪು ಹೊಗೆ ಉಗುಳುತ್ತದೆ, ನಾಲ್ಕು ಜನರನ್ನು ಹೊತ್ತ ದೋಣಿಯನ್ನು ಎಮ್ಮೆ ಎಳೆದಂತೆ ಎಳೆಯುತ್ತದೆ. ಹೊಸದಾಗಿ ಬಂದ ಪ್ರವಾಸಿಯೂ ಇಲ್ಲಿ ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರುಬಿಡುತ್ತಾನಲ್ಲವೇ? ಇಬ್ಬರ ಕಾಯಿಲೆಯೂ ಒಂದೇ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡವನ್ನು 100 ಎಂದಿಟ್ಟುಕೊಂಡರೆ ಟಿಟಿಕಾಕದ ಮೇಲೆ ಅದು 63ರ ಆಸುಪಾಸು. ದಡದ ಪುನೋ ಪಟ್ಟಣದ ಅಡುಗೆಮನೆಗಳಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತದೆ. ಆಲೂಗಡ್ಡೆ ಬೇಯುವುದು ತಡ. ಯಂತ್ರದ ಸಿಲಿಂಡರಿನೊಳಕ್ಕೆ ಹೋಗುವ ಗಾಳಿಯೂ ಅದೇ ತೆಳುಗಾಳಿ. ಪ್ರತಿ 300 ಮೀಟರು ಮೇಲೇರಿದಂತೆಲ್ಲ ಯಂತ್ರದ ಶಕ್ತಿ ಸುಮಾರು ಶೇಕಡಾ 3ರಷ್ಟು ಕುಂದುತ್ತದೆಂಬುದು ಯಂತ್ರಜ್ಞರ ಸ್ಥೂಲವಾದ ಲೆಕ್ಕ. ಅದರಂತೆ 15 ಕುದುರೆಗಳ ಪೈಕಿ ಸರೋವರದ ದಡಕ್ಕೆ ಬಂದು ಮುಟ್ಟುವುದು ಒಂಬತ್ತೋ ಹತ್ತೋ. ಉಳಿದವು ದಾರಿಯಲ್ಲೇ ಉಳಿದವು!

ಗಾಳಿ ತೆಳುವಾದರೂ ನೀರು ತೆಳುವಾಗುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಪ್ರೊಪೆಲರಿನ ಅಲಗುಗಳು ತಳ್ಳಬೇಕಾದ ನೀರು ಸಮುದ್ರತೀರದಲ್ಲಿ ಎಷ್ಟು ಭಾರವೋ ಇಲ್ಲಿಯೂ ಹೆಚ್ಚುಕಡಮೆ ಅಷ್ಟೇ ಭಾರ. ತೋಳಿನ ಬಲ ಇಳಿದಿದೆ, ಹೊರೆ ಇಳಿದಿಲ್ಲ.

ಮೊದಲ ಚಿಕಿತ್ಸೆ ಕಾರ್ಬುರೇಟರಿಗೆ. ಅದರಲ್ಲಿ ಪೆಟ್ರೋಲು ಹಾಯುವ ಜೆಟ್ ಎಂಬ ಸಣ್ಣ ಹಿತ್ತಾಳೆಯ ರಂಧ್ರವನ್ನು ಸಮುದ್ರಮಟ್ಟದ ದಟ್ಟಗಾಳಿಗೆ ಹೊಂದುವಂತೆ ಕೊರೆದಿರುತ್ತಾರೆ. ಮೇಲೇರಿದಾಗ ಗಾಳಿ ಕಡಮೆಯಾಗುತ್ತದೆ. ಪೆಟ್ರೋಲು ಅದೇ ಪ್ರಮಾಣದಲ್ಲಿ ಕಡಮೆಯಾಗುವುದಿಲ್ಲ. ಉರಿಯದ ಇಂಧನವೇ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ, ಸ್ಪಾರ್ಕ್ ಪ್ಲಗ್ಗಿನ ಮೇಲೆ ಮಸಿಯಾಗಿ ಕೂರುತ್ತದೆ. ಕೊನೆಗೊಮ್ಮೆ ಕಿಡಿಯೇ ಹಾರದೆ ಯಂತ್ರ ಮೌನ ತಾಳುತ್ತದೆ. ಆದುದರಿಂದ ಸಣ್ಣ ರಂಧ್ರದ ಜೆಟ್ ಹಾಕಬೇಕು. ಸರಿಹೋಯಿತೇ ಎಂದು ತಿಳಿಯಲು ಪ್ಲಗ್ಗನ್ನು ಬಿಚ್ಚಿ ನೋಡಿದರೆ ಸಾಕು: ಕಪ್ಪು ಮಸಿಯಿದ್ದರೆ ಇಂಧನ ಇನ್ನೂ ಹೆಚ್ಚು, ತಿಳಿಕಂದು ಬಣ್ಣವಿದ್ದರೆ ಹದ, ಬಿಳಿಚಿಕೊಂಡಿದ್ದರೆ ಇಂಧನ ಸಾಲದು, ಅಪಾಯ. ಎರಡು ಹೊಡೆತದ ಯಂತ್ರಕ್ಕೆ ಪೆಟ್ರೋಲಿನೊಡನೆ ಬೆರೆಸುವ ಎಣ್ಣೆಯ ಪ್ರಮಾಣವನ್ನು ಮಾತ್ರ, ಹೊಗೆಯ ನೆಪಮಾಡಿ, ಎಂದಿಗೂ ಕಡಮೆಮಾಡತಕ್ಕದ್ದಲ್ಲ.

ಈಗಿನ ಹಲವು ಹೊಸ ಯಂತ್ರಗಳಲ್ಲಿ ಕಾರ್ಬುರೇಟರಿಲ್ಲ. ಗಾಳಿಯ ಒತ್ತಡವನ್ನು ತಾವೇ ಅಳೆದು ಪೆಟ್ರೋಲನ್ನು ತಾವೇ ಕಡಮೆಮಾಡಿಕೊಳ್ಳುತ್ತವೆ. ಹೊಗೆಯ ಕಾಟ ತಪ್ಪಿತು, ನಿಜ. ಆದರೆ ಇಲ್ಲದ ಗಾಳಿಯನ್ನು ಅವು ಸೃಷ್ಟಿಸಲಾರವು. ಕಳೆದುಹೋದ ಕುದುರೆಗಳು ಕಳೆದೇ ಹೋದವು. ಅಂತೂ ಎರಡನೆಯ ಚಿಕಿತ್ಸೆಯನ್ನು ಹಳೆಯ ಯಂತ್ರವೂ ತಪ್ಪಿಸಿಕೊಳ್ಳಲಾರದು, ಹೊಸದೂ ತಪ್ಪಿಸಿಕೊಳ್ಳಲಾರದು. ಅದೇ ಪ್ರೊಪೆಲರಿನ ಆಯ್ಕೆ.

ಪ್ರೊಪೆಲರ್ ಎಂಬುದು ನೀರಿನಲ್ಲಿ ತಿರುಗುವ ತಿರುಪುಮೊಳೆ. ಮರದಲ್ಲಿ ತಿರುಪು ಒಂದು ಸುತ್ತಿಗೆ ಎಷ್ಟು ಒಳಹೋಗುವುದೋ, ಹಾಗೆ ಪ್ರೊಪೆಲರು ಜಾರದೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕೋ ಆ ದೂರಕ್ಕೆ ಪಿಚ್ ಎಂದು ಹೆಸರು. ಅದನ್ನು ಅಂಗುಲಗಳಲ್ಲಿ ಹೇಳುವುದು ವಾಡಿಕೆ. ಇದರ ಚರಿತ್ರೆಯಲ್ಲೊಂದು ಸ್ವಾರಸ್ಯವಿದೆ. 1836ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ರೈತ ತನ್ನ ತಿರುಪಿಗೆ ಪೇಟೆಂಟ್ ಪಡೆದ. ಮರದ ಆ ತಿರುಪಿಗೆ ಎರಡು ಪೂರ್ಣ ಸುತ್ತುಗಳಿದ್ದವು. ಮರುವರ್ಷ ಕಾಲುವೆಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ಅದು ಏನಕ್ಕೋ ತಾಗಿ ಅರ್ಧ ಮುರಿದುಬಿತ್ತು. ದೋಣಿ ನಿಲ್ಲಲಿಲ್ಲ, ಮೊದಲಿಗಿಂತ ವೇಗವಾಗಿ ಓಡಿತು! ಹೆಚ್ಚು ತಿರುಪು ಇದ್ದಷ್ಟೂ ಹೆಚ್ಚು ಓಟವೆಂಬ ನಂಬಿಕೆ ಅಂದೇ ಮುರಿದಿತ್ತು. ಆದರೂ ದೊಡ್ಡ ಪಿಚ್ಚಿನ ಮೋಹ ದೋಣಿಯವರನ್ನು ಇಂದಿಗೂ ಬಿಟ್ಟಿಲ್ಲ.

ಎತ್ತರದ ಸರೋವರದಲ್ಲಿ ಆ ಮೋಹ ದುಬಾರಿಯಾಗುತ್ತದೆ. ಸಮುದ್ರತೀರದಲ್ಲಿ ನಿಮಿಷಕ್ಕೆ 5,500 ಸುತ್ತು ತಿರುಗುತ್ತಿದ್ದ ಯಂತ್ರ ಇಲ್ಲಿ ಅದೇ ಪ್ರೊಪೆಲರಿನೊಡನೆ 4,400ರ ಸುಮಾರಿಗೆ ಕುಸಿಯುತ್ತದೆ. ಇದು ಕೇವಲ ನಿಧಾನವಲ್ಲ. ಪೂರ್ತಿ ಥ್ರಾಟಲ್ ಕೊಟ್ಟೂ ಸುತ್ತು ಏರದ ಯಂತ್ರ, ಮೇಲಿನ ಗೇರಿನಲ್ಲೇ ಘಾಟಿ ಹತ್ತುವ ಲಾರಿಯಂತೆ, ಒಳಗೊಳಗೇ ಕಾದು ಸವೆಯುತ್ತದೆ. ಲಾರಿಯವನು ಗೇರು ಇಳಿಸುತ್ತಾನೆ. ದೋಣಿಯವನಿಗೆ ಗೇರು ಇಳಿಸುವುದೆಂದರೆ ಪಿಚ್ ಇಳಿಸುವುದು. ಪಿಚ್ಚನ್ನು ಒಂದು ಅಂಗುಲ ಇಳಿಸಿದರೆ ಯಂತ್ರಕ್ಕೆ ನಿಮಿಷಕ್ಕೆ 150ರಿಂದ 200 ಸುತ್ತು ಮರಳಿ ಬರುತ್ತದೆಂಬ ಲೆಕ್ಕವುಂಟು. ಸಣ್ಣ ಯಂತ್ರಗಳಲ್ಲಿ ಒಂದೊಂದು ಅಂಗುಲದ ಪರಿಣಾಮ ಇನ್ನೂ ಹೆಚ್ಚು. 10 ಅಂಗುಲ ಪಿಚ್ ಇದ್ದ ಕಡೆ 8 ಅಥವಾ 7 ಅಂಗುಲದ್ದನ್ನು ಹಾಕಿ ನೋಡಬೇಕು. ನೋಡುವಾಗ ಖಾಲಿ ದೋಣಿಯಲ್ಲಿ ನೋಡಿ ಪ್ರಯೋಜನವಿಲ್ಲ. ದಿನನಿತ್ಯದ ಜನ, ಸಾಮಾನು, ಇಂಧನ ಎಲ್ಲವನ್ನೂ ಹೇರಿಕೊಂಡು, ಸುತ್ತಳೆಯುವ ಮಾಪಕ ಕಟ್ಟಿ, ಪೂರ್ತಿ ವೇಗ ಕೊಟ್ಟು ನೋಡಬೇಕು. ತಯಾರಕರ ಕೈಪಿಡಿಯಲ್ಲಿ ಹೇಳಿದ ಸುತ್ತುಗಳ ಮಿತಿಯೊಳಗೆ ಯಂತ್ರ ತಿರುಗಿದರೆ ಪ್ರೊಪೆಲರು ಸರಿಯಾಯಿತೆಂದು ಅರ್ಥ.

ಇಷ್ಟಾದರೂ ಕರಾವಳಿಯ ಓಟ ಬಾರದು. ಕೆಳಗೆ ನೀರಿನ ಮೇಲಕ್ಕೆದ್ದು ಜಾರುತ್ತಿದ್ದ ದೋಣಿ ಇಲ್ಲಿ ಏಳದೆಯೇ ಇರಬಹುದು. ಆಗ ಇಬ್ಬರನ್ನು ದಡದಲ್ಲಿ ಇಳಿಸಬೇಕು, ಇಲ್ಲವೇ ದೊಡ್ಡ ಯಂತ್ರ ಕೊಳ್ಳಬೇಕು. ಮೂರನೆಯ ಉಪಾಯವಿಲ್ಲ. ಜೊತೆಗೆ ಟಿಟಿಕಾಕದ ಅಂಚಿನಲ್ಲೆಲ್ಲ ಬೆಳೆಯುವ ತೊತೋರ ಎಂಬ ಜೊಂಡು ಪ್ರೊಪೆಲರಿಗೆ ಸುತ್ತಿಕೊಳ್ಳುವ ಪೀಡೆ ಬೇರೆ. ಉರೋಸ್ ಜನ ಆ ಜೊಂಡಿನಿಂದಲೇ ದೋಣಿ ಕಟ್ಟುತ್ತಾರೆ, ಅದನ್ನೇ ಹಾಸಿ ತೇಲುವ ದ್ವೀಪ ಮಾಡಿಕೊಂಡು ವಾಸಿಸುತ್ತಾರೆ.

ಭಾರತದಲ್ಲಿ ಇದೇ ಲೆಕ್ಕ ಲಡಾಖಿನ ಪಾಂಗಾಂಗ್ ಸರೋವರಕ್ಕೆ ಇನ್ನೂ ಕಟುವಾಗಿ ಅನ್ವಯಿಸುತ್ತದೆ. ಅದು 4,200 ಮೀಟರಿಗೂ ಮೇಲಿದೆ.

ಯಂತ್ರವನ್ನು ಮತ್ತೆ ಕೆಳಗೆ ಒಯ್ಯುವಾಗ ಎಚ್ಚರ ಇಮ್ಮಡಿ ಬೇಕು. ಸಣ್ಣ ಜೆಟ್ಟಿನೊಡನೆಯೇ ಸಮುದ್ರತೀರದಲ್ಲಿ ಓಡಿಸಿದರೆ ದಟ್ಟಗಾಳಿಗೆ ಇಂಧನ ಸಾಲದೆ ಸಿಲಿಂಡರ್ ವಿಪರೀತ ಕಾಯುತ್ತದೆ. ಮೇಲೆ ಕೆಮ್ಮಿ ಹೊಗೆಯುಗುಳಿ ಎಚ್ಚರಿಸಿದ್ದ ಯಂತ್ರ ಇಲ್ಲಿ ಹೆಚ್ಚೇನೂ ದೂರು ಹೇಳುವುದಿಲ್ಲ. ಕೆಲಹೊತ್ತು ಸೊಗಸಾಗಿ ಓಡಿ, ಪಿಸ್ಟನ್ನಿನ ತಲೆಯಲ್ಲಿ ತೂತು ಬಿದ್ದ ಮೇಲೆ ನಿಲ್ಲುತ್ತದೆ. ಸಣ್ಣ ಪಿಚ್ಚಿನ ಪ್ರೊಪೆಲರೂ ಹಾಗೆಯೇ: ಕೆಳಗೆ ಯಂತ್ರ ಮಿತಿಮೀರಿ ತಿರುಗುತ್ತದೆ. ಬಿಚ್ಚಿದ ದೊಡ್ಡ ಜೆಟ್ಟನ್ನೂ ಹಳೆಯ ಪ್ರೊಪೆಲರನ್ನೂ ಬಟ್ಟೆಯಲ್ಲಿ ಸುತ್ತಿ ಯಂತ್ರದ ಜೊತೆಯಲ್ಲೇ ಇಟ್ಟು, ಕರಾವಳಿಯಲ್ಲಿ ಚಾಲೂಮಾಡುವ ಮುನ್ನವೇ ಎರಡನ್ನೂ ಮರಳಿ ಜೋಡಿಸಬೇಕು.